ಸಾಲು ಬಿಟ್ಟು ಸಾಲು

ಮಿಡಿಗೇಶಿ
4 ಮಾರ್ಚ್ 2024

ಚಿ. ಸೌ. ಗಗನಾಗೆ,

ಅಕ್ಕ ಲೋಹಿತಾ ಮಾಡುವ ಆಶೀರ್ವಾದಗಳು. ಹೀಗೆ ಬರೆಯುವುದು ಪದ್ಧತಿ, ಅದಕ್ಕೆ ಬರೆದೆ. ಇದರಲ್ಲಿ ಹೆಚ್ಚಿನ ಅರ್ಥ ಹುಡುಕಬೇಡ. ನಿನ್ನ ನಂಬರನ್ನು ನಾನು ಬ್ಲಾಕ್ ಮಾಡಿದ್ದೇನೆ, ನನ್ನದನ್ನು ನೀನು ಮಾಡಿದ್ದೀಯ, ಆದ್ದರಿಂದ ಕಾಗದವೇ ಗತಿ. ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ಆಮೇಲೆ ಬರಲೇ ಇಲ್ಲ ಅನ್ನಬೇಡ.

ವಿಷಯ ತೆಂಗಿನ ತೋಟದ್ದು. ಸಂಕ್ರಾಂತಿ ಕಳೆದ ವಾರದಲ್ಲೇ ನಮ್ಮ ಬೋರು ಬರೀ ಗಾಳಿ ಉಗುಳತೊಡಗಿತು. ನಿಮ್ಮ ಭಾವ ಮಧುಗಿರಿಯ ಅಂಗಡಿಗೆ ಎರಡು ದಿನ ಬೀಗ ಹಾಕಿ, ಮೋಟಾರು ಎತ್ತಿಸಿ, ಇನ್ನೆರಡು ಪೈಪು ಇಳಿಸಿ ನೋಡಿದರು. ಬಂದದ್ದು ಒಂದು ಕೊಡ ಕೆಸರು. ಊರಿನವರ ಮೋಟಾರನ್ನೆಲ್ಲ ರಿಪೇರಿ ಮಾಡುವ ಮನುಷ್ಯ ತನ್ನ ಬೋರಿನ ಮುಂದೆ ಕೈಕಟ್ಟಿಕೊಂಡು ನಿಂತಿದ್ದು ನೋಡಿದರೆ ನಿನಗೆ ಖುಷಿಯಾಗುತ್ತಿತ್ತು.

ಈಗ ನನ್ನ ನಾಲ್ಕು ಸಾಲಿನ ಕಥೆ ಕೇಳು. ಕೆಳಗಿನ ಗರಿಗಳೆಲ್ಲ ಬಾಡಿ ಕಾಂಡಕ್ಕೆ ಒರಗಿಕೊಂಡಿವೆ. ನಿಂಬೆಹಣ್ಣಿನ ಗಾತ್ರದ ಎಳೆಗಾಯಿಗಳು, ಹರಳುಗಳು, ಬೆಳಗಾದರೆ ಪಾತಿ ತುಂಬ ಬಿದ್ದಿರುತ್ತವೆ. ಗುಡಿಸಿ ಗುಡಿಸಿ ಸೊಂಟ ಬಿದ್ದುಹೋಗಿದೆ. ಕಳೆದ ವರ್ಷ ಒಂದೊಂದು ಮರ ಹೊತ್ತಿದ್ದ ಗೊನೆ ನೋಡಿ ಹೋಗುವವರು ಬರುವವರು ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಈಗ ನಿಲ್ಲುವುದಿಲ್ಲ.

ನಿನ್ನ ನಾಲ್ಕು ಸಾಲು? ನನ್ನ ಸಾಲುಗಳ ಪಕ್ಕದಲ್ಲೇ, ಏನೂ ಆಗದವರ ಹಾಗೆ ನಿಂತಿವೆ. ಗರಿ ಮೊಂಡು, ಕಾಯಿ ಕಡಿಮೆ, ಆದರೆ ಒಂದು ಹರಳೂ ಉದುರುತ್ತಿಲ್ಲ. ಅಪ್ಪ ಸಾಯುವ ಮುಂಚೆ ತೋಟವನ್ನು ನಡುವೆ ಸೀಳದೆ ಸಾಲು ಬಿಟ್ಟು ಸಾಲು ಹಂಚಿದರಲ್ಲ, ಒಂದು, ಮೂರು, ಐದು, ಏಳು ನನಗೆ, ಎರಡು, ನಾಲ್ಕು, ಆರು, ಎಂಟು ನಿನಗೆ ಎಂದು. ಒಬ್ಬಳಿಗೆ ಮಣ್ಣು, ಇನ್ನೊಬ್ಬಳಿಗೆ ಕಲ್ಲು ಬರಬಾರದು ಎಂಬುದು ಅವರ ಆಸೆ. ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿ ಎಂದೂ ಇರಬಹುದು. ಅದು ಎಷ್ಟು ಚೆನ್ನಾಗಿ ಫಲಿಸಿತು ಎಂದು ನಿನಗೂ ಗೊತ್ತು.

ಮೊನ್ನೆ ಅನುಮಾನ ಬಂದು ಗೇಟಿನ ಪಕ್ಕದ ನನ್ನ ಮೊದಲ ಸಾಲಿನಲ್ಲಿ ಒಂದು ಪಾತಿ ಅಗೆಸಿದೆ. ನಿನ್ನ ಸಾಲಿನ ಕಡೆಯಿಂದ ಕೆಂಪು ಬೇರುಗಳು ಹರಿದು ಬಂದು, ನನ್ನ ಡ್ರಿಪ್ ಪೈಪಿನ ಕೆಳಗೆ ಗುಂಪಾಗಿ ಕೂತಿವೆ. ಕಳ್ಳ ಮರಗಳು! ನಾನು ನನ್ನ ಮರಕ್ಕೆ ಅಂತ ಬಿಟ್ಟ ನೀರನ್ನು ಇಷ್ಟು ವರ್ಷ ನಿನ್ನವು ಕದ್ದು ಕುಡಿದಿವೆ. ನಿನ್ನ ಗುಣ ನಿನ್ನ ಮರಕ್ಕೂ ಬಂದಿದೆ.

ಆದ್ದರಿಂದ ಹೇಳುತ್ತಿದ್ದೇನೆ. ಯುಗಾದಿಯ ಒಳಗೆ ನಿನ್ನ ನಾಲ್ಕು ಸಾಲು ಕಡಿಸಬೇಕು. ನೆಲದಲ್ಲಿರುವ ಒಂದಿಷ್ಟು ತೇವ ನನ್ನ ಮರಗಳಿಗಾದರೂ ಉಳಿಯಲಿ. ಎಂಟು ಸಾಲಿಗೆ ನೀರಿಲ್ಲ, ನಾಲ್ಕಕ್ಕೆ ಸಾಕಾದೀತು. ನೀನು ಸಿರಾದಲ್ಲಿ ಸಂಬಳ ತೆಗೆದುಕೊಂಡು ಫ್ಯಾನಿನ ಕೆಳಗೆ ಇರುವವಳು, ನಿನಗೆ ಈ ಮರಗಳು ಇದ್ದರೆಷ್ಟು ಬಿಟ್ಟರೆಷ್ಟು. ಒಪ್ಪಿಗೆ ಬರೆದು ಕಳಿಸು.

ನನ್ನ ಮನೆಯಿಂದ ನಿನ್ನಲ್ಲಿಗೆ ಬಂದ ಅಮ್ಮನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತಂತೆ. ಹೆತ್ತ ತಾಯಿಯ ಸುದ್ದಿ ನನಗೆ ಹಾಲಿನ ಡೇರಿಯಲ್ಲಿ ತಿಳಿಯಬೇಕು. ಅವಳ ಸಾರಿಗೆ ಹುಳಿ ಹೆಚ್ಚು ಹಾಕಬೇಡ.

ಲೋಹಿತಾ


ಸಿರಾ
9 ಮಾರ್ಚ್ 2024

ಅಕ್ಕನಿಗೆ,

ಗಗನಾ ಮಾಡುವ ನಮಸ್ಕಾರಗಳು. ನೀನು ಪದ್ಧತಿಗೆ ಆಶೀರ್ವಾದ ಮಾಡಿದೆ, ನಾನು ಪದ್ಧತಿಗೆ ನಮಸ್ಕಾರ ಮಾಡಿದೆ. ಅಲ್ಲಿಗಲ್ಲಿಗೆ ಸರಿಹೋಯಿತು.

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಲಿಲ್ಲ. ಕಣ್ಣೀರು ಹಾಕಿಸಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ನಾನು ಎರಡು ಸಲ ಓದಿದೆ, ಎಷ್ಟು ನಾಜೂಕಾಗಿ ಒಂದು ವಿಷಯ ಬಿಟ್ಟಿದ್ದೀಯ ಎಂದು ನೋಡಲು. ನಿನ್ನ ಮರಗಳಿಗೆ ದಿನಾ ನೀರು ಹೋಗುತ್ತಿತ್ತು. ಒಂದೇ ಬೋರು, ಒಂದೇ ಪೈಪು, ನನ್ನವಕ್ಕೆ ಯಾಕೆ ಹೋಗುತ್ತಿರಲಿಲ್ಲ? ಬರೆಯಲು ಕೈ ಬರಲಿಲ್ಲವೇ? ನಾನು ಬರೆಯುತ್ತೇನೆ.

ಅಪ್ಪನ ವರ್ಷದ ಗಣಾರಾಧನೆಯ ದಿನ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, ಅಪ್ಪನನ್ನು ತುಮಕೂರಿನ ಆಸ್ಪತ್ರೆಗೆ ಎರಡು ದಿನ ಮೊದಲೇ ಸೇರಿಸಿದ್ದರೆ ಉಳಿಯುತ್ತಿದ್ದರೇನೋ ಎಂದೆ. ನೀನು ಪಾಯಸ ಬಡಿಸುತ್ತಲೇ ಇದ್ದೆ. ಮಾರನೆಯ ಬೆಳಿಗ್ಗೆ ತೋಟಕ್ಕೆ ಹೋಗಿ ನನ್ನ ನಾಲ್ಕು ಸಾಲಿನ ವಾಲ್ವುಗಳನ್ನು ಮುಚ್ಚಿದೆ. ಮುಚ್ಚಿದ್ದು ಸಾಲದೆಂದು ಹಿಡಿಗಳನ್ನು ಕಳಚಿಕೊಂಡು ಮನೆಗೆ ಒಯ್ದೆ. ಅವತ್ತಿನಿಂದ ನನ್ನ ಮರಗಳು ಕಂಡಿದ್ದು ಮಳೆಯ ನೀರು ಮಾತ್ರ.

ಮೊದಲೆರಡು ವರ್ಷ ಅವೂ ಹೀಗೇ ಗೋಳಾಡಿದವು. ಹರಳು ಉದುರಿತು, ಗರಿ ಮುರಿದು ನೇತಾಡಿತು, ಒಂದು ಕಾಯಿ ನೆಟ್ಟಗೆ ಬಲಿಯಲಿಲ್ಲ. ಆಗ ನೀನು ಗೇಟಿನ ಹತ್ತಿರ ನಿಂತು "ನೋಡ್ರಪ್ಪ, ಇವು ಸಿರಾ ಮೇಡಮ್ಮೋರ ಮರ" ಅಂತ ತೋರಿಸಿ ನಕ್ಕಿದ್ದು ನನಗೂ ಬಂದು ಮುಟ್ಟಿದೆ. ಈಗ ಯಾರ ಮರ ನೋಡಿ ಯಾರು ನಗಬೇಕು?

ನಾನು ಸಸ್ಯಶಾಸ್ತ್ರ ಪಾಠ ಮಾಡಿ ಅನ್ನ ತಿನ್ನುವವಳು, ಸ್ವಲ್ಪ ಕೇಳಿಸಿಕೋ. ತೆಂಗಿಗೆ ತಾಯಿಬೇರು ಇಲ್ಲ. ಬುಡದಿಂದ ಹಗ್ಗದಂಥ ಬೇರುಗಳು ಸುತ್ತಲೂ ಹೊರಡುತ್ತವೆ, ನೀರಿದ್ದಲ್ಲಿ ಬೆಳೆಯುತ್ತವೆ. ನೀನು ದಿನಾ ಬುಡದಲ್ಲೇ ಹನಿ ಬಿಟ್ಟೆ. ನಿನ್ನ ಮರಕ್ಕೆ ಆ ಒದ್ದೆ ಜಾಗ ಬಿಟ್ಟು ಆಚೆ ಹೋಗುವ ಕಾರಣವೇ ಬರಲಿಲ್ಲ. ಬೇರುಗಳೆಲ್ಲ ಮೊಣಕಾಲುದ್ದದ ಆಳದಲ್ಲಿ ಸುತ್ತಿಕೊಂಡು ಕೂತವು, ಮೇಲೆ ಮಾತ್ರ ದೊಡ್ಡ ದೊಡ್ಡ ಗರಿ, ದೊಡ್ಡ ದೊಡ್ಡ ಗೊನೆ. ಬೋರು ನಿಂತ ಮೇಲೆ ಆ ಜಾಗ ಒಣಗಿತು. ಮೇಲಿನ ಸಂಸಾರ ಅಷ್ಟೇ ದೊಡ್ಡದಿದೆ, ಕೆಳಗೆ ತಂದು ಹಾಕುವವರಿಲ್ಲ. ಮರ ಏನು ಮಾಡಬೇಕು? ಮೊದಲು ಹರಳು ಬಿಡುತ್ತದೆ, ಆಮೇಲೆ ಗರಿ ಬಿಡುತ್ತದೆ, ಕೊನೆಗೆ ಸುಳಿಯನ್ನೊಂದೇ ಹಿಡಿದುಕೊಂಡು ಕಾಯುತ್ತದೆ.

ನನ್ನವು ಕಷ್ಟಪಟ್ಟು ಬೇರು ದೂರ ಕಳಿಸಿದವು. ಇನ್ನೊಂದು ವಿಷಯ. ಗರಿಯ ಅಡಿಯಲ್ಲಿ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ, ಮರ ಉಸಿರಾಡುವುದೂ ಅವುಗಳಿಂದ, ನೀರು ಆವಿಯಾಗಿ ಹೋಗುವುದೂ ಅವುಗಳಿಂದ. ನೀರು ಕಾಣದ ಮರ ಬಿಸಿಲೇರುವ ಮೊದಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಗರಿಯ ಮೇಲೆ ಮೇಣ ದಪ್ಪ ಮಾಡಿಕೊಳ್ಳುತ್ತದೆ. ಹೊರಲು ಆಗುವಷ್ಟೇ ಕಾಯಿ ಕಟ್ಟುತ್ತದೆ. ನಿನ್ನವು ನೀರಿದ್ದ ಕಾಲದ ಅಭ್ಯಾಸದಲ್ಲಿ ಮಟಮಟ ಮಧ್ಯಾಹ್ನದವರೆಗೂ ಬಾಯಿ ತೆರೆದುಕೊಂಡೇ ಇರುತ್ತವೆ. ಯಾರ ಹಾಗೆ ಎಂದು ನಾನು ಹೇಳುವುದಿಲ್ಲ.

ಕಳ್ಳತನದ ವಿಷಯ. ಹೌದು, ಕುಡಿದಿರಬಹುದು. ಪಕ್ಕದ ಎಲೆಗೆ ಮಾತ್ರ ಬಡಿಸಿ ಇವರನ್ನು ಬರಿ ಎಲೆಯ ಮುಂದೆ ಕೂರಿಸಿದರೆ ಕೈ ಚಾಚದೆ ಇನ್ನೇನು ಮಾಡುತ್ತಾರೆ? ಆದರೆ ಅವನ್ನು ಕಡಿದರೆ ನಿನ್ನವು ಬದುಕುತ್ತವೆ ಎಂಬುದು ಸುಳ್ಳು. ನಿನ್ನ ಮರದ ಬೇರು ಅಲ್ಲಿಯವರೆಗೆ ಬೆಳೆಯುವ ಹೊತ್ತಿಗೆ ಮರವೇ ಇರುವುದಿಲ್ಲ. ಎಂಟು ಸಾಲೂ ಹೋಗುತ್ತದೆ, ಅಷ್ಟೇ.

ಉಳಿಸುವ ಮನಸ್ಸಿದ್ದರೆ ಹೀಗೆ ಮಾಡು. ಮರದ ಮೇಲಿರುವ ಗೊನೆಗಳನ್ನೆಲ್ಲ, ಎಳೆಯದು ಬಲಿತದ್ದು ನೋಡದೆ, ಇಳಿಸಿಬಿಡು. ನೇತಾಡುವ ಗರಿ ತೆಗೆಸು. ಪಾತಿಯಲ್ಲಿ ಕಾಯಿಮಟ್ಟೆ ಹೂಳಿಸು. ಟ್ಯಾಂಕರಿನದೋ ಮತ್ತೊಂದೋ, ಸಿಕ್ಕ ನೀರನ್ನು ಬುಡಕ್ಕೆ ಸುರಿಯದೆ ಒಂದು ಮಾರು ದೂರದಲ್ಲಿ ಕೊಡು, ಬೇರು ಆಚೆ ಬರಲಿ. ಇದನ್ನು ನಿನಗಾಗಿ ಹೇಳುತ್ತಿಲ್ಲ. ಮರಗಳು ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಲ್ಲವಲ್ಲ, ಅವುಗಳ ಮೇಲೆ ನನಗೆ ಸಿಟ್ಟಿಲ್ಲ.

ಒಪ್ಪಿಗೆ ಕೊಡುವುದಿಲ್ಲ. ನನ್ನ ಒಂದು ಮರ ಮುಟ್ಟಿದರೂ ಪೊಲೀಸರನ್ನು ಕರೆದುಕೊಂಡು ಬರುತ್ತೇನೆ.

ಗಗನಾ

ಅಮ್ಮನ ಸಾರಿಗೆ ಹುಳಿ ಎಷ್ಟು ಹಾಕಬೇಕು ಎಂದು ನನಗೆ ಗೊತ್ತು.


ಮಿಡಿಗೇಶಿ
18 ಮಾರ್ಚ್ 2024

ಗಗನಾಗೆ,

ಈ ಸಲ ಆಶೀರ್ವಾದ ಇಲ್ಲ.

ನಿನ್ನ ಪಾಠ ಓದಿದೆ. ಪಿಯುಸಿ ಮಕ್ಕಳು ಪಾಪ ಎಂದುಕೊಂಡೆ. ಅವರಿಗೆ ಎದ್ದು ಹೋಗಲೂ ಆಗುವುದಿಲ್ಲ.

ನನ್ನ ಮರಗಳು ಕೂತಲ್ಲೇ ತಿಂದು ಕೊಬ್ಬಿದವು ಎಂದು ಬರೆದಿದ್ದೀಯ. ನನ್ನನ್ನೇ ಅಂದ ಹಾಗೆ ಇತ್ತು, ನೀನು ಅಂದದ್ದೂ ಅದಕ್ಕೇ. ನಮ್ಮ ಬೋರಿನ ನೀರು ಎಷ್ಟು ಗಡುಸು ಎಂದು ನಿನಗೆ ನೆನಪಿದೆಯೋ ಇಲ್ಲವೋ. ನಾಲ್ಕು ದಿನಕ್ಕೆ ಡ್ರಿಪ್ಪಿನ ತೂತುಗಳಲ್ಲಿ ಬಿಳಿ ಉಪ್ಪು ಕಟ್ಟಿಕೊಳ್ಳುತ್ತದೆ. ಸಂಜೆ ಒಲೆ ಹಚ್ಚುವ ಮೊದಲು ಒಂದೊಂದು ಮರದ ಬುಡದಲ್ಲೂ ಕುಕ್ಕರುಗಾಲಿನಲ್ಲಿ ಕೂತು, ಸೀರೆಯ ಪಿನ್ನಿನಿಂದ ಚುಚ್ಚಿ ಚುಚ್ಚಿ ಆ ತೂತು ಬಿಡಿಸಿದವಳು ನಾನು. ಯಾವ ಮರ ಎಡಕ್ಕೆ ವಾಲಿದೆ, ಯಾವುದಕ್ಕೆ ದುಂಬಿ ಬಿದ್ದಿತ್ತು, ಯಾವುದರ ಕಾಯಿ ಗುಂಡಗೆ, ಯಾವುದರದು ಉದ್ದಕ್ಕೆ, ಕಣ್ಣು ಮುಚ್ಚಿ ಹೇಳುತ್ತೇನೆ. ಅವುಗಳ ಎಳೆ ಗೊನೆಗಳನ್ನು ನನ್ನ ಕೈಯಿಂದಲೇ ಇಳಿಸು ಅನ್ನುತ್ತೀಯಲ್ಲ, ನಿನಗೆ ಬಾಯಿ ಹೇಗೆ ಬಂತು?

ಅಪ್ಪನ ವಿಷಯವನ್ನೂ ಎತ್ತಿದೆ. ಸರಿ, ಇದನ್ನೂ ಓದು. ಆ ಎರಡು ದಿನ ನಾನು ಕಾರು ತರಿಸಿ ಬಾಗಿಲಲ್ಲಿ ನಿಲ್ಲಿಸಿದ್ದೆ. ಅಪ್ಪ ಮಂಚದ ಕಾಲು ಹಿಡಿದುಕೊಂಡು ಬರುವುದಿಲ್ಲ ಎಂದರು. "ಆಸ್ಪತ್ರೇಲಿ ಸಾಯಾಕಿಲ್ಲ ಕಣಮ್ಮ ನಾನು" ಎಂದರು. ಅಷ್ಟು ದೊಡ್ಡ ಮನುಷ್ಯನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಗಿತ್ತೇ ನಾನು? ಕೊನೆಗೆ ಬಿಡಿಸಿದ್ದೂ ನಾನೇ. ನೀನು ಅಲ್ಲಿರಲಿಲ್ಲ. ಇರದವಳು ನೆಂಟರೆದುರು ನ್ಯಾಯ ಹೇಳಿದೆ. ಅದಕ್ಕೆ ವಾಲ್ವು ಮುಚ್ಚಿದೆ. ಇನ್ನೊಂದು ಸಲ ಹೇಳಿದರೆ ಇನ್ನೊಂದು ಸಲ ಮುಚ್ಚುತ್ತೇನೆ.

ಈಗ ಕೆಲಸದ ಮಾತು. ಐ.ಡಿ.ಹಳ್ಳಿಯ ದೊಡ್ಡಹನುಮಯ್ಯನಿಗೆ ಹೇಳಿ ಕಳಿಸಿದ್ದೇನೆ. ಬರುವ ಭಾನುವಾರ, 24ನೇ ತಾರೀಕು, ಮೆಷೀನ್ ಗರಗಸ ತೆಗೆದುಕೊಂಡು ಬರುತ್ತಾನೆ. ನಿನ್ನ ನಾಲ್ಕು ಸಾಲೂ ನೆಲಕ್ಕೆ. "ಸಿರಾದ ಅಮ್ಮಾರು ಒಪ್ಪವ್ರಾ?" ಎಂದು ಕೇಳಿದ. ಒಪ್ಪಿದ್ದಾಳೆ ಎಂದೆ. ಪೊಲೀಸರನ್ನು ಕರೆತಂದರೆ ಅವರಿಗೂ ಕಾಫಿ ಕಾಯಿಸಿ ಕೊಡುತ್ತೇನೆ. ಅವರು ಬಿದ್ದ ಮರವನ್ನು ಎತ್ತಿ ನಿಲ್ಲಿಸುತ್ತಾರೇನು?

ನೀನು ಹೇಳಿದ ಹಾಗೆ ನನ್ನವು ಬದುಕುವುದಿಲ್ಲವೇನೋ. ಬೇಡ. ಆದರೆ ನನ್ನವು ಒಣಗುತ್ತಿರುವಾಗ ನಿನ್ನವು ಪಕ್ಕದಲ್ಲಿ ಹಸಿರಾಗಿ ನಿಂತಿರುವುದನ್ನು ನನ್ನ ಕೈಲಿ ನೋಡಲಾಗುವುದಿಲ್ಲ. ಇದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರಿಡುತ್ತೀಯ, ಇಡು.

ಲೋಹಿತಾ


ಸಿರಾ
22 ಮಾರ್ಚ್ 2024, ಶುಕ್ರವಾರ ಸಂಜೆ

ಅಕ್ಕ,

ಇದನ್ನು ಪೋಸ್ಟಿಗೆ ಹಾಕಿದರೆ ಭಾನುವಾರದೊಳಗೆ ಮುಟ್ಟುವುದಿಲ್ಲ. ಪಾವಗಡದ ಬಸ್ಸಿನ ಕಂಡಕ್ಟರ್ ರಂಗಸ್ವಾಮಿಯ ಕೈಗೆ ಕೊಡುತ್ತೇನೆ, ನಾಳೆ ಸಂಜೆ ಮಿಡಿಗೇಶಿಯಲ್ಲಿ ಇಳಿದು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ. ನಿನ್ನ ನಂಬರಿಗೆ ಹತ್ತಾರು ಸಲ ಮಾಡಿದೆ. ಪಕ್ಕದ ಮನೆಯವರ ಫೋನಿನಿಂದ ಮಾಡಿಸಿದರೂ ನೀನು ಎತ್ತಲಿಲ್ಲ. ಭಾವನಿಗೆ ಹೇಳಬಹುದಿತ್ತು, ಆದರೆ ಇಂಥ ವಿಷಯವನ್ನು ನಿನ್ನ ಮುಂದೆ ಹೇಳುವ ಧೈರ್ಯ ಅವರಿಗಿಲ್ಲ. ಅಮ್ಮನನ್ನು ಬಿಟ್ಟು ನಾನು ಬರುವಂತಿಲ್ಲ. ಮೇಲಾಗಿ ನಿನ್ನ ಗೇಟು ದಾಟುವುದಿಲ್ಲ ಎಂದು ಆಣೆ ಇಟ್ಟುಕೊಂಡಿದ್ದೇನೆ.

ನಿನ್ನ ಕಾಗದ ಬುಧವಾರ ಬಂತು. ಸಿಟ್ಟು ತಡೆಯದೆ ಈ ಸಲ ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ದೊಡ್ಡ ಮಗಳು ಏನು ಮಾಡಲು ಹೊರಟಿದ್ದಾಳೆ ಎಂದು ಅವಳಿಗೂ ತಿಳಿಯಲಿ ಎಂದು. ಕಪ್ಪು ಕನ್ನಡಕ ಹಾಕಿಕೊಂಡು ಕೇಳಿದಳು. ಅಪ್ಪ ಮಂಚದ ಕಾಲು ಹಿಡಿದದ್ದು ನಿಜ ಎಂದಳು. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಆಮೇಲೆ, ಯಾವ ಸಾಲು ಕಡಿಸುತ್ತಾಳಂತೆ, ಇನ್ನೊಂದು ಸಲ ಓದು ಎಂದಳು. ಎರಡು, ನಾಲ್ಕು, ಆರು, ಎಂಟು, ಗೇಟಿನಿಂದ ಎಣಿಸಿ ಎಂದೆ. ಅವಳು ನಗತೊಡಗಿದಳು. ಕನ್ನಡಕ ಜಾರುವಷ್ಟು ನಕ್ಕಳು.

"ಅಯ್ಯೋ, ಅವು ಅವಳವೇ ಕಣಮ್ಮ" ಎಂದಳು. "ನಿಮ್ಮಪ್ಪ ಸಸಿ ಇಕ್ಕಿದ್ದೇ ಕೆರೆ ಏರಿ ಕಡೆಯಿಂದ. ಆವಾಗ ಗೇಟೂ ಇರ್ನಿಲ್ಲ, ರೋಡೂ ಇರ್ನಿಲ್ಲ. ಮೊದುಲ್ನೆ ಸಾಲು ಅಂದ್ರೆ ಏರಿ ಪಕ್ಕದ್ದು. ನಂಗೆ ಬಟ್ಟು ಮಾಡಿ ತೋರ್ಸಿದ್ರು, ಇದು ದೊಡ್ಡದುಕ್ಕೆ, ಅದು ಚಿಕ್ಕದುಕ್ಕೆ ಅಂತ."

ಅಕ್ಕ, ಎಂಟು ಸಾಲು. ನೀನು ಗೇಟಿನಿಂದ ಎಣಿಸಿದರೆ ಒಂದನೆಯದು ಅಪ್ಪನ ಎಣಿಕೆಯಲ್ಲಿ ಎಂಟನೆಯದು. ನಿನ್ನ ಎರಡನೆಯದು ಅವರ ಏಳನೆಯದು. ಬೆರಳು ಮಡಚಿ ನೋಡು. ನೀನು ನಿನ್ನವು ಎಂದು ನೀರುಣಿಸಿದ ನಾಲ್ಕೂ ಸಾಲು ಅಪ್ಪ ನನಗೆ ಕೊಟ್ಟವು. ನನ್ನ ಮೇಲಿನ ಸಿಟ್ಟಿಗೆ ನೀನು ನೀರು ನಿಲ್ಲಿಸಿದ್ದು ನಿನ್ನ ಮರಗಳಿಗೇ. ಹಂಚಿಕೆಯಾದ ಮೇಲೆ ಮೊದಲ ಕಾಯಿ ಕೀಳಿಸುವಾಗ ನೀನು ಗೇಟಿನಿಂದ ಎಣಿಸಿ ತೋರಿಸಿದೆ, ನಾನೂ ಕತ್ತು ಆಡಿಸಿದೆ. ಯಾವ ಕಡೆಯಿಂದ ಎಂದು ಕೇಳಬೇಕು ಎಂದು ಓದಿದವಳಿಗೂ ಹೊಳೆಯಲಿಲ್ಲ, ಅಲ್ಲೇ ಇದ್ದವಳಿಗೂ ಹೊಳೆಯಲಿಲ್ಲ.

ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಅಮ್ಮನ ಮೇಲೆ ರೇಗಿದೆ. "ಹೇಳಿದ್ರೆ ಏನ್ ಮಾಡ್ತಿದ್ಲು? ಈ ವಾಲು ಬಿಚ್ಚಿ ಆ ವಾಲು ಮುಚ್ತಿದ್ಲು. ಹೆಂಗೂ ಒಂದ್ ಕಡೆ ಒಣಗ್ತದೆ. ಇಬ್ರೂ ನನ್ ಮಕ್ಳೇ, ಯಾರ್ದು ಒಣಗ್ಲಿ ಅಂತ ಹೇಳನ?" ಎಂದಳು. ಆಮೇಲೆ ನಗು ನಿಲ್ಲಿಸಿದಳು.

ಈಗ ನಿನಗೆ ಇಷ್ಟವಾಗದ ಒಂದು ಮಾತು ಹೇಳುತ್ತೇನೆ. ನಿನ್ನೆ ಇಡೀ ದಿನ ಈ ಕಾಗದ ಬರೆಯದೆ ಸುಮ್ಮನಿದ್ದೆ. ಕಡಿಯಲಿ ಎಂದುಕೊಂಡೆ. ತನ್ನ ಕೈಯಾರೆ ತನ್ನ ಮರಗಳನ್ನು ಬೀಳಿಸಿಕೊಳ್ಳಲಿ, ಆಮೇಲೆ ಅಮ್ಮನನ್ನು ಕರೆದುಕೊಂಡು ಹೋಗಿ ಏರಿಯಿಂದ ಎಣಿಸಿ ತೋರಿಸೋಣ ಎಂದುಕೊಂಡೆ. ನಿನ್ನ ಮುಖ ಹೇಗಾಗುತ್ತದೆ ಎಂದು ಕಲ್ಪಿಸಿಕೊಂಡು ಪರೀಕ್ಷೆಯ ಕೊಠಡಿಯಲ್ಲಿ ಒಬ್ಬಳೇ ಖುಷಿಪಟ್ಟೆ. ಇವತ್ತು ಮಧ್ಯಾಹ್ನ ಕೊನೆಯ ಪೇಪರು ಮುಗಿದ ಮೇಲೆ ಹಾಗೆ ಸುಮ್ಮನಿರಲು ಆಗಲಿಲ್ಲ.

ಕಾರಣ ನೀನಲ್ಲ. ತರಗತಿಯಲ್ಲಿ ಬರಗಾಲದ ಪಾಠ ಬಂದಾಗಲೆಲ್ಲ ನಾನು ಮಕ್ಕಳಿಗೆ ಆ ಮರಗಳ ಕಥೆಯನ್ನೇ ಹೇಳುತ್ತಿದ್ದೆ. ನನ್ನ ಮರ, ನೀರಿಲ್ಲದೆ ನಿಂತ ನನ್ನ ಮರ ಎಂದು ಮೆರೆದಿದ್ದೇನೆ. ಅವು ನನ್ನವಲ್ಲ ಎಂದು ತಿಳಿದಾಗ ಬಚ್ಚಲಿಗೆ ಹೋಗಿ ಅತ್ತೆ. ಅಷ್ಟಾದರೂ ಅವು ಬೀಳುವುದು ನನಗೆ ಬೇಡ. ಹಸಿರಾಗಿ ನಿಂತ ನಾಲ್ಕೂ ಸಾಲು ನಿನ್ನವು, ಇಟ್ಟುಕೋ. ಒಣಗುತ್ತಿರುವವು ನನ್ನವು. ನೀನು ಸೀರೆಯ ಪಿನ್ನಿನಿಂದ ಚುಚ್ಚಿ ಚುಚ್ಚಿ ಸಾಕಿದ್ದು ನನ್ನ ಮರಗಳನ್ನು. ಥ್ಯಾಂಕ್ಸ್ ಹೇಳಬೇಕೇನು?

ದೊಡ್ಡಹನುಮಯ್ಯನನ್ನು ವಾಪಸು ಕಳಿಸು. ಗೆದ್ದೆ ಎಂದು ಮಾತ್ರ ತಿಳಿಯಬೇಡ.

ಗಗನಾ


ಮಿಡಿಗೇಶಿ
27 ಮಾರ್ಚ್ 2024

ಗಗನಾಗೆ,

ರಂಗಸ್ವಾಮಿ ಕೊಟ್ಟ ಕಾಗದ ಸೇರಿತು. ಒಲೆಯ ಮುಂದೆ ನಿಂತು ಓದಿದೆ, ಹಾಲು ಪೂರಾ ಉಕ್ಕಿ ಹೋಯಿತು. ಅದಕ್ಕೂ ನೀನೇ ಕಾರಣ.

ಭಾನುವಾರ ಬೆಳಿಗ್ಗೆ ಏರಿಯ ಮೇಲೆ ಹೋಗಿ ನಿಂತು ಎಣಿಸಿದೆ. ಆಮೇಲೆ ಗೇಟಿಗೆ ಬಂದು ಎಣಿಸಿದೆ. ನಿಮ್ಮ ಭಾವನನ್ನೂ ಎಣಿಸಲು ಹೇಳಿದೆ. ಅವರು ಎಣಿಸಿ, ನನ್ನ ಮುಖ ನೋಡಿ, ಅಂಗಡಿಗೆ ಹೊತ್ತಾಯಿತು ಎಂದು ಹೊರಟುಹೋದರು. ಭಾನುವಾರ ಅಂಗಡಿ ಇಲ್ಲ. ನಿನ್ನ ಲೆಕ್ಕ ಸರಿಯಾಗಿದೆ. ಲೆಕ್ಕದಲ್ಲಿ ನೀನು ಚಿಕ್ಕಂದಿನಿಂದಲೂ ಚುರುಕು.

ಆದರೆ ಕೇಳು. ಅಪ್ಪ ಏರಿಯಿಂದ ಎಣಿಸಿರಲಿ, ಆಕಾಶದಿಂದ ಎಣಿಸಿರಲಿ. ನಾನು ಗೇಟಿನಿಂದ ಎಣಿಸಿದ್ದೇನೆ, ಗೇಟಿನಿಂದಲೇ ಎಣಿಸುತ್ತೇನೆ. ಒಂದು, ಮೂರು, ಐದು, ಏಳು ನನ್ನವು. ಅವುಗಳ ಬುಡದಲ್ಲಿ ಕೂತು ಕೂತು ನನ್ನ ಮಂಡಿ ಸವೆದಿದೆ. ಒಣಗಲಿ, ಉಳಿಯಲಿ, ಅವು ನನ್ನವೇ. ಇನ್ನೊಂದು ನಾಲ್ಕನ್ನು ನಾನು ಯಾವತ್ತೂ ತಲೆಯೆತ್ತಿ ನೋಡಿದವಳಲ್ಲ, ಈಗ ಹಸಿರಾಗಿವೆ ಎಂದು ನನ್ನವು ಎನ್ನಲು ನನಗೆ ನಾಚಿಕೆ ಇದೆ. ನೀರಿಲ್ಲದೆ ನಿಂತವುಗಳನ್ನು ಯಾರು ನನ್ನ ಮರ, ನನ್ನ ಮರ ಎಂದು ಊರೆಲ್ಲ ಹೇಳಿಕೊಂಡಳೋ ಅವಳೇ ಇಟ್ಟುಕೊಳ್ಳಲಿ. ನಿನ್ನ ದಾನ ನನಗೆ ಬೇಡ.

ಗೊನೆಗಳನ್ನು ಇಳಿಸಿದೆ. ನಾನೇ ಹಗ್ಗ ಹಿಡಿದೆ. ಬಾಡಿದ ಗರಿ ತೆಗೆಸಿದೆ, ಮಟ್ಟೆ ಹೂಳಿಸುತ್ತಿದ್ದೇನೆ. ಟ್ಯಾಂಕರಿನ ನೀರನ್ನು ಒಂದು ಮಾರು ದೂರದಲ್ಲಿ ಕೊಟ್ಟೆ. ಅಷ್ಟು ದೂರಕ್ಕೆ ಕೊಟ್ಟರೆ ನಿನ್ನ ಸಾಲಿನ ಬೇರಿಗೂ ಸಿಗುತ್ತದೆ, ಅದು ನನಗೂ ಗೊತ್ತು, ಏನು ಮಾಡಲಿ. ಉಳಿದರೆ ನಿನ್ನ ಪಾಠದಿಂದ ಎಂದು ಮಾತ್ರ ಹೇಳಬೇಡ. ಹೋದರೆ ನಿನ್ನ ಪಾಠದಿಂದಲೇ ಹೋದವು ಎಂದು ನಾನಂತೂ ಹೇಳುತ್ತೇನೆ.

ಗಣಾರಾಧನೆಯ ದಿನದ ಮಾತನ್ನು ನಾನು ಮರೆತಿಲ್ಲ. ಮರೆಯುವುದೂ ಇಲ್ಲ.

ಅಮ್ಮನ ಕಣ್ಣು ವಾಸಿಯಾದ ಮೇಲೆ ಕಳಿಸು. ನನ್ನ ಮನೆಯಲ್ಲಿ ಉಂಡುಕೊಂಡು, ನಾನು ನನ್ನ ಮರಕ್ಕೇ ನೀರು ನಿಲ್ಲಿಸಿದ್ದನ್ನು ದಿನಾ ಕಿಟಕಿಯಿಂದ ನೋಡಿಕೊಂಡು ಕೂತಿದ್ದಳಲ್ಲ, ಅವಳ ಹತ್ತಿರ ನನ್ನದೊಂದು ದೊಡ್ಡ ಜಗಳ ಬಾಕಿ ಇದೆ. ಬಸ್ಸಿನಲ್ಲಿ ಒಬ್ಬಳನ್ನೇ ಕೂರಿಸಬೇಡ, ನೀನೇ ಕರೆದುಕೊಂಡು ಬಾ. ನಿನ್ನ ಆಣೆ ಗೇಟಿಗೆ ತಾನೇ? ಏರಿಯ ಕಡೆಯಿಂದ ಬಾ.

ಲೋಹಿತಾ

ಮರೆತಿದ್ದೆ. ನಿನ್ನ ಕಾಗದ ಮರಗಳನ್ನು ಉಳಿಸಿತು ಎಂದು ಕಾಲೇಜಿನಲ್ಲಿ ಹೇಳಿಕೊಂಡು ತಿರುಗಬೇಡ. ದೊಡ್ಡಹನುಮಯ್ಯ ಭಾನುವಾರ ಬೇರೆ ಕೆಲಸ ಬಂತೆಂದು ಶನಿವಾರ ಬೆಳಿಗ್ಗೆಯೇ ಬಂದುಬಿಟ್ಟ. ಎರಡನೆಯ ಸಾಲಿನ ಮೊದಲ ಮರ ಬಿತ್ತು. ಒಳಗಿನ ಎಳೆ ತಿರುಳು ತಿನ್ನಲು ಚೆನ್ನಾಗಿರುತ್ತದೆ ಎಂದು ಅವನು ಮರದ ತಲೆಯನ್ನು ಸೀಳಿ ನನ್ನ ಮುಂದಿಟ್ಟ. ಒಂದೊಂದು ಗರಿಯ ಕಂಕುಳಲ್ಲೂ ಒಂದೊಂದು ಹೊಂಬಾಳೆ ಮಡಚಿಕೊಂಡು ಕೂತಿತ್ತು ಗಗನಾ. ಹೊರಗಿನದು ಮೊಳದುದ್ದ, ಅದರ ಒಳಗಿನದು ಗೇಣುದ್ದ, ಆಮೇಲೆ ಬೆರಳಿನಷ್ಟು, ಆಮೇಲೆ ಅಕ್ಕಿಕಾಳಿನಷ್ಟು. ಬಿಡಿಸಿದಷ್ಟೂ ಬರುತ್ತಲೇ ಇತ್ತು. ನಾನು ಒಂದು ತೊಟ್ಟು ನೀರು ಕೊಡದ ಮರ ಇನ್ನೂ ಎರಡು ಮೂರು ವರ್ಷದ ಹೂವನ್ನು ಒಳಗೆ ಇಟ್ಟುಕೊಂಡು ನಿಂತಿತ್ತು. "ಮುಂದುಲ್ ಮರ ಯಾವ್ದವ್ವ?" ಎಂದು ಅವನು ಕೇಳಿದ. ಮೆಷೀನು ಎತ್ತಿಕೊಂಡು ಹೊರಡು ಎಂದು ಕಳಿಸಿಬಿಟ್ಟೆ. ರಂಗಸ್ವಾಮಿಯ ಬಸ್ಸು ಬಂದಿದ್ದು ಸಂಜೆಗೆ. ಅಲ್ಲಿಯವರೆಗೂ ಅವು ನಿನ್ನ ಮರಗಳೆಂದೇ ನಾನು ತಿಳಿದಿದ್ದೆ.